ಜರ್ಮನ್ ಜನರಲ್ಲನ ಭುಜಪಟ್ಟಿ

ನಾನು ಹೊಲಿದ ಮೊದಲ ಕೋಟು ಒಬ್ಬ ಜರ್ಮನ್ ಜನರಲ್ಲನದು. ಹೀಗೆಂದರೆ ಮೊಮ್ಮಕ್ಕಳು ನಂಬುವುದಿಲ್ಲ, "ಅಜ್ಜಿ ರೀಲು ಬಿಡ್ತಾ ಇದಾಳೆ" ಅಂತ ನಗುತ್ತಾರೆ. ನಗಲಿ ಬಿಡಿ. ಕೋಟು ಹೊಲಿದದ್ದೂ ನಿಜ, ಅದರಿಂದ ಒಂದಿಡೀ ಸಿನಿಮಾ ತಂಡದ ಬೆವರಿಳಿಸಿದ್ದೂ ನಿಜ.

ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಮಾವನ ಟೈಲರ್ ಅಂಗಡಿ. ದಾವಣಗೆರೆ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು ಅವರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಜೊತೆಗೆ ಅಳತೆ ಟೇಪು. ಬೀದಿಯ ಕಡೆ ಕೂತು ಅವರು ಕೋಟು ಪ್ಯಾಂಟು ಹೊಲಿಯುತ್ತಿದ್ದರು. ಪರದೆಯ ಹಿಂದೆ, ಅಡುಗೆಮನೆಗೆ ಅಂಟಿಕೊಂಡಂತೆ, ನನ್ನ ಮಿಷಿನ್ನು. ನನ್ನ ಪಾಲಿಗೆ ರವಿಕೆ, ಲಂಗ, ದಿಂಬಿನ ಚೀಲ. ಹೊಲಿಗೆ ಕ್ಲಾಸಿನಲ್ಲಿ ಸರ್ಟಿಫಿಕೇಟು ತಗೊಂಡಿದ್ದವಳು ನಾನು. ಒಂದು ಕೋಟು ಹೊಲಿದು ನನ್ನದು ಅನ್ನಿಸಿಕೊಳ್ಳಬೇಕು ಅನ್ನುವುದೊಂದೇ ಆಗ ನನ್ನ ಆಸೆ. ಕೇಳಿದಾಗಲೆಲ್ಲ ಮಾವನದು ಒಂದೇ ಮಾತು: "ಕೋಟು ಅಂದ್ರೆ ರವಿಕೆ ಅಲ್ಲ ಕಣಮ್ಮಾ. ಮೈ ಮೇಲೆ ಹತ್ತು ವರ್ಷ ನಿಲ್ಬೇಕು."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಎದುರು ಮಾತಾಡುವ ಹಾಗಿರಲಿಲ್ಲ. ಹಾಗಾಗಿ ಅವತ್ತಿನ ಸಾರಿಗೆ ಖಾರ ಒಂದು ಚಮಚ ಜಾಸ್ತಿ ಬೀಳುತ್ತಿತ್ತು.

ನನ್ನ ಗಂಡ ಫಿಟ್ಟರ್ ಆಗಿದ್ದ ಕಾರ್ಖಾನೆಯಲ್ಲಿ ಒಬ್ಬ ಎಳೆಯ ಇಂಜಿನಿಯರ್‌ಗೆ ಸಿನಿಮಾ ಹುಚ್ಚು. ಅಲ್ಲಿಗೆ ಮಿಷಿನ್ನು ಕೂರಿಸಲು ಜರ್ಮನಿಯಿಂದ ಬಂದಿದ್ದ ಸಾಹೇಬರೊಬ್ಬರು ಅವನ ಬಲೆಗೆ ಬಿದ್ದರು. ಇಬ್ಬರೂ ಸೇರಿ ಯುದ್ಧಕಾಲದ ಒಬ್ಬ ಜನರಲ್ಲನ ಜೀವನವನ್ನು ಒಂದು ಗಂಟೆಯ ಸಿನಿಮಾ ಮಾಡಲು ಹೊರಟರು. ಇಂಜಿನಿಯರ್ ಡೈರೆಕ್ಟರ್, ಸಾಹೇಬರೇ ಜನರಲ್, ಕಾರ್ಖಾನೆಯ ಹುಡುಗರು ಸಿಪಾಯಿಗಳು. ಗೆದ್ದು ಮೆರೆದವನು ಕೊನೆಗೆ ತನ್ನ ಸರ್ಕಾರಕ್ಕೇ ಬೇಡವಾಗಿ ಬೀಳುವ ಕತೆ. ಅವನು ಬಿದ್ದ ಅನ್ನುವುದನ್ನು ತೋರಿಸಲು ಒಂದೇ ದೃಶ್ಯ: ಸಿಪಾಯಿಯೊಬ್ಬ ಬಂದು ಅವನ ಪದವಿಯ ಗುರುತಾದ ಭುಜಪಟ್ಟಿಗಳನ್ನು ಕಿತ್ತು ಎಸೆಯಬೇಕು.

ಕೋಟಿನ ಕೆಲಸವನ್ನು ನನ್ನ ಗಂಡ ಮಾವನ ಹತ್ತಿರ ತಂದರು. ಮಾವನಿಗೆ ಹಿಗ್ಗೋ ಹಿಗ್ಗು. ಅಳತೆ ತೆಗೆದು, ಬೂದು ಬಣ್ಣದ ಉಣ್ಣೆ ಬಟ್ಟೆ ಕತ್ತರಿಸಿ, ಮಿಷಿನ್ನಿನ ಹೊಲಿಗೆ ಅರ್ಧ ಆಗುವ ಹೊತ್ತಿಗೆ ಅವರ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಯಿತು. ನಿಂಬೆಹಣ್ಣು ಸಿಕ್ಕಿಸಿಕೊಂಡು ಎರಡು ದಿನ ನರಳಿದರು. ಮೂರನೆಯ ದಿನ ಪರದೆ ಸರಿಸಿ, ಕೋಟನ್ನು ನನ್ನ ಮಡಿಲಿಗೆ ಹಾಕಿದರು.

"ಸಿನಿಮಾ ಕೋಟು ತಾನೇ, ನೀನೇ ಮುಗಿಸ್ಬಿಡು. ಭುಜಪಟ್ಟಿಗೆ ಮಾತ್ರ ನಾಲ್ಕೇ ನಾಲ್ಕು ಸಡಿಲ ಟಾಕಾ. ಎಳೆದ್ರೆ ಬಂದ್ಬಿಡ್ಬೇಕಂತೆ."

ನಾಲ್ಕು ಟಾಕಾ ಹಾಕಿದೆ, ಸುಳ್ಳೇಕೆ ಹೇಳಲಿ. ಹಾಕಿ, ಕೋಟನ್ನು ಮೊಳೆಗೆ ನೇತುಹಾಕಿ ದೂರ ನಿಂತು ನೋಡಿದೆ. ಕಾಲರ್ ಚೆಂದ, ತೋಳು ಚೆಂದ, ಭುಜಪಟ್ಟಿ ಮಾತ್ರ ಜೋಲುಮೋರೆ ಹಾಕಿಕೊಂಡು ಕೂತಿತ್ತು. ನನ್ನ ಜೀವನದ ಮೊದಲ ಕೋಟಿನಲ್ಲಿ ಇಂಥ ಹೊಲಿಗೆಯೇ? ನೋಡಿದವರು ಏನಂದಾರು? ರವಿಕೆಯವಳ ಕೈ ಅನ್ನುವುದಿಲ್ಲವೇ? ಮಧ್ಯಾಹ್ನ ಮಾವ ಮಲಗಿದಾಗ ಟಾಕಾ ಬಿಚ್ಚಿ, ಜೋಡಿ ದಾರಕ್ಕೆ ಮೇಣ ಸವರಿ, ಒಳಗಿನ ದಪ್ಪ ಕ್ಯಾನ್ವಾಸು ಬಟ್ಟೆಗೂ ಸೇರಿಸಿ ಒತ್ತೊತ್ತಾಗಿ ಹೊಲಿದುಬಿಟ್ಟೆ. ಗಂಡಸರು ಜೋರಾಗಿ ಎಳೆದರೆ ಬಂದೀತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಬರುವುದಿಲ್ಲ ಎಂದು ಕೈಗೆ ಗೊತ್ತಿತ್ತು.

ಮಾವ ಕೋಟನ್ನು ದೇವರ ಮುಂದಿಟ್ಟು, ಎಲ್ಲ ಹೊಸ ಬಟ್ಟೆಗೂ ಮಾಡುವಂತೆ ಕಾಲರಿನ ಒಳಗೆ ಅರಿಶಿನದ ಬೊಟ್ಟು ಇಟ್ಟರು. ಜರ್ಮನ್ ಜನರಲ್ಲನಿಗೂ ಒಳ್ಳೆಯದಾಗಲಿ ಎಂದು.

ಭಾನುವಾರ ಕೆಂಗೇರಿ ದಾಟಿ, ಮೈಸೂರು ರಸ್ತೆಯಿಂದ ಒಳಗೆ, ಪಾಳು ಬಿದ್ದ ಕಲ್ಲು ಕಟ್ಟಡದಲ್ಲಿ ಶೂಟಿಂಗ್. ಮಾವ ಇಸ್ತ್ರಿ ಶರಟು ಹಾಕಿ ಹೊರಟರು. ಊಟದ ಬುತ್ತಿ ಹೊತ್ತು ನಾನೂ ಹೋದೆ. ಕೋಟು ತೊಟ್ಟು ಸಾಹೇಬರು ಹೊರಗೆ ಬಂದಾಗ ಹುಡುಗರೆಲ್ಲ ತಾವಾಗಿಯೇ ಎದ್ದು ನಿಂತರು. "ಯಾರ ಕೈ ಸಾರ್ ಇದು?" ಅಂತ ಒಬ್ಬ ಕೇಳಿದ. "ನಂದೇ ಕಣಪ್ಪಾ" ಅಂದರು ಮಾವ, ಹೆಬ್ಬೆರಳಿನ ಬಟ್ಟೆಪಟ್ಟಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು. ಇನ್ನಿಬ್ಬರಿಗೂ ಹಾಗೇ ಹೇಳಿದರು. ನಾನು ಚಿತ್ರಾನ್ನದ ಡಬ್ಬಿಯ ಮುಚ್ಚಳವನ್ನು ಬೇಕೆಂದೇ ಸದ್ದು ಮಾಡಿ ಮುಚ್ಚಿದೆ.

ಡೈರೆಕ್ಟರ್ ಕೂಗಿದ. ಸಿಪಾಯಿ ಮುಂದೆ ಬಂದು ಪಟ್ಟಿ ಹಿಡಿದು ಎಳೆದ. ಪಟ್ಟಿಯ ಜೊತೆಗೆ ಸಾಹೇಬರೂ ಬಂದರು. ಎಲ್ಲರೂ ನಕ್ಕರು. ಮತ್ತೊಮ್ಮೆ ಎಳೆದ; ಸಾಹೇಬರು ಮುಗ್ಗರಿಸಿ ಅವನ ಎದೆಯ ಮೇಲೆಯೇ ಬಿದ್ದರು, ಜನರಲ್ಲೂ ಸಿಪಾಯಿಯೂ ಹಬ್ಬಕ್ಕೆ ತಬ್ಬಿಕೊಂಡ ಅಣ್ಣತಮ್ಮಂದಿರಂತೆ ಕಂಡರು. ಈ ಸಲ ಯಾರೂ ನಗಲಿಲ್ಲ. ಕಿಟಕಿಯ ಬಿಸಿಲು ಇಳಿಯುತ್ತಿತ್ತು, ಫಿಲಮ್ಮು ಇನ್ನೊಂದು ಸಲಕ್ಕೆ ಸಾಲುವಷ್ಟು ಮಾತ್ರ ಇತ್ತು.

"ಹೇಳಿದ್ನಲ್ರೀ, ಸಡಿಲ ಹೊಲೀರಿ ಅಂತ! ಯಾರ್ರೀ ಹೀಗೆ ಹೊಲ್ದಿದ್ದು?" ಡೈರೆಕ್ಟರ್ ಕಿರುಚಿದ.

ಮಾವ ಪಟ್ಟಿಯನ್ನು ಮುಟ್ಟಿ, ಅಂಚು ಎತ್ತಿ, ಹೊಲಿಗೆ ನೋಡಿದರು. ಟಾಕಾ ಬಿಚ್ಚಿ ಗಟ್ಟಿಯಾಗಿ ಹೊಲಿದದ್ದು ಅವರಿಗೆ ಗೊತ್ತಾಗದೆ ಇದ್ದೀತೇ? ನನ್ನ ಕಡೆ ತಿರುಗಲೂ ಇಲ್ಲ.

"ನಾನೇ ಸಾರ್. ಮರ್ತುಬಿಟ್ಟೆ. ತಪ್ಪು ನಂದೇ" ಅಂದರು.

ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದೆ. ಆದರೆ ನನಗೆ ತಡೆಯಲಾಗಲಿಲ್ಲ. ಕೋಟಿನ ಹೆಸರನ್ನಂತೂ ಅವರು ತಗೊಂಡಾಯಿತು, ಈಗ ಹೊಲಿಗೆಯ ತಪ್ಪನ್ನೂ ತಗೊಳ್ಳುತ್ತಾರೆಯೇ? ಎದ್ದು ನಿಂತೆ.

"ಇಲ್ಲ ಸಾರ್, ಹೊಲ್ದಿದ್ದು ನಾನು. ಬೇಕು ಅಂತಾನೇ ಗಟ್ಟಿಯಾಗಿ ಹೊಲ್ದೆ. ಜನರಲ್ ಕೋಟಿಗೆ ಟಾಕಾ ಹಾಕೋಕೆ ನನ್ ಕೈಲಾಗ್ಲಿಲ್ಲ."

ಅಷ್ಟು ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ಯಾರೋ ಬ್ಲೇಡು ತರಲು ಓಡಿದರು. ಸಾಹೇಬರು ಕೈಯೆತ್ತಿ ಬೇಡ ಅಂದರು, ಡೈರೆಕ್ಟರ್‌ಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಮತ್ತೆ ತಮ್ಮ ಜಾಗಕ್ಕೆ ಹೋಗಿ ನಿಂತರು.

ಕ್ಯಾಮೆರಾ ತಿರುಗಿತು. ಸಿಪಾಯಿ ಎಳೆದ, ಬರಲಿಲ್ಲ. ಸಾಹೇಬರು ಅವನ ಕೈಯನ್ನು ಮೆಲ್ಲಗೆ ಸರಿಸಿದರು. ತಾವೇ ಮೇಲಿನಿಂದ ಕೆಳಗೆ ಒಂದೊಂದು ಗುಂಡಿ ಬಿಚ್ಚಿದರು. ಕೋಟು ಕಳಚಿ, ಭುಜಕ್ಕೆ ಭುಜ ಸೇರಿಸಿ ಮಡಿಸಿ, ಮೇಜಿನ ಮೇಲಿಟ್ಟು, ಬರಿಯ ಬನಿಯನ್ನಿನಲ್ಲಿ ನಿಂತರು. ಅಷ್ಟು ಎತ್ತರದ ಮನುಷ್ಯ ನೋಡನೋಡುತ್ತಲೇ ಕುಗ್ಗಿಹೋದ. ನನ್ನ ಕಣ್ಣಲ್ಲಿ ನೀರು ಬಂತು. ಡೈರೆಕ್ಟರ್ ಕಟ್ ಹೇಳುವುದನ್ನೇ ಮರೆತ.

ಆಮೇಲೆ ಡೈರೆಕ್ಟರ್ ನಮಗೆ ಹೇಳಿದ: ಯುದ್ಧ ಮುಗಿದಾಗ ಸಾಹೇಬರಿಗೆ ಹತ್ತೊಂಬತ್ತು ವರ್ಷವಂತೆ, ಶತ್ರುಗಳಿಗೆ ಶರಣಾಗುವಾಗ ಅವರೂ ತಮ್ಮ ಸಿಪಾಯಿ ಕೋಟನ್ನು ಹಾಗೆಯೇ ಮಡಿಸಿಟ್ಟಿದ್ದರಂತೆ. ಸಾಹೇಬರು ಕೋಟು ಹಿಡಿದು ನನ್ನ ಹತ್ತಿರ ಬಂದು ಭುಜಪಟ್ಟಿಯ ಮೇಲೆ ಬೆರಳು ತಟ್ಟಿ, "ಗಟ್ಟಿ" ಅಂದರು. ಅವರಿಗೆ ಬರುತ್ತಿದ್ದ ನಾಲ್ಕೈದು ಕನ್ನಡ ಮಾತುಗಳಲ್ಲಿ ಅದೂ ಒಂದು, ಮಿಷಿನ್ನಿನ ಬೋಲ್ಟು ಬಿಗಿಯುವಾಗ ಕಲಿತದ್ದು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ಮುಖ ಮಾಡಿ ಕೂತರು. ಇನ್ನು ರವಿಕೆಯೂ ಇಲ್ಲ, ದಿಂಬಿನ ಚೀಲವೇ ಗತಿ ಅಂದುಕೊಂಡೆ. ಅರ್ಧ ದಾರಿ ಬಂದ ಮೇಲೆ ಕಿಟಕಿಯಾಚೆ ನೋಡುತ್ತಲೇ ಕೇಳಿದರು:

"ನಂದೇ ತಪ್ಪು ಅಂತ ನಾನ್ ಹೇಳ್ತಾ ಇದ್ನಲ್ಲ, ಬಾಯ್ ಮುಚ್ಕೊಂಡಿರೋಕೆ ಏನಾಗಿತ್ತು ನಿಂಗೆ?"

"ಹೊಲಿಗೆ ನಂದು, ಮಾವ."

ಇನ್ನೊಂದು ಸ್ಟಾಪು ಹೋಯಿತು. ಇಬ್ಬರು ಇಳಿದರು, ಒಬ್ಬಳು ತರಕಾರಿ ಬುಟ್ಟಿಯೊಂದಿಗೆ ಹತ್ತಿದಳು.

"ನಾಳೆ ಕಾಲೇಜ್ ಮೇಷ್ಟ್ರೊಬ್ರು ಕೋಟು ಇಸ್ಕೊಳ್ಳೋಕೆ ಬರ್ತಾರೆ" ಅಂದರು ಮಾವ. "ತೋಳು ಇನ್ನೂ ಕೂರ್ಸಿಲ್ಲ. ಬೆಳಿಗ್ಗೆನೇ ಕೂತ್ಕೊಂಡು ಮುಗಿಸು. ಯಾರು ಹೊಲ್ದಿದ್ದು ಅಂತ ಅವರು ಕೇಳಿದ್ರೆ ನೀನೇ ಹೇಳು, ನಾನು ಒಳಗಿರ್ತೀನಿ."