ಇಸಿದೋರರ ಟೋಸ್ಟ್ ಮತ್ತು ಕೊಂಡು ತಂದ ಲಿಂಕುಗಳು

ಬೋಳಾರದ ಇಸಿದೋರರಿಗೆ ಮಾತೇ ಕಸುಬು. ಅವರ ಕ್ರೈಸ್ತ ಸಮಾಜದ ಮದುವೆಗಳಲ್ಲಿ ಕೇಕ್ ಕತ್ತರಿಸಿದ ಮೇಲೆ ಒಬ್ಬರು ಗ್ಲಾಸ್ ಹಿಡಿದು ವಧೂವರರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕು. ಅದಕ್ಕೆ ಟೋಸ್ಟ್ ಎತ್ತುವುದು ಎನ್ನುತ್ತಾರೆ. ಮನೆಯವರಲ್ಲಿ ಬಾಯಿ ಇದ್ದವರು ಸಿಗದಿದ್ದರೆ ಇಸಿದೋರರಿಗೆ ಕರೆ ಬರುತ್ತದೆ. ಗುರುತಿಲ್ಲದವರನ್ನು ಸುಮ್ಮನೆ ಹೊಗಳುವುದು ಅವರಿಗೆ ಆಗದು. ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೇ ಹೋಗಿ, ಅತ್ತೆ-ಚಿಕ್ಕಮ್ಮಂದಿರ ನಡುವೆ ಕುಳಿತು, ಹುಡುಗಿ ಚಿಕ್ಕಂದಿನಲ್ಲಿ ಮಾಡಿದ ಕಿತಾಪತಿಯನ್ನೆಲ್ಲ ಕೇಳಿಕೊಂಡು ಬರುತ್ತಾರೆ. ಊಟವನ್ನೂ ಬಿಡುವುದಿಲ್ಲ, ಅದು ಬೇರೆ ವಿಷಯ.

ಆದರೆ ಈಗಿನ ಮದುಮಕ್ಕಳು ಎಲ್ಲವನ್ನೂ ಫೋನಿನಲ್ಲೇ ಹುಡುಕುತ್ತಾರೆ. ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಮಗಳು ಏವ್ರಿಲ್ ಅಪ್ಪನಿಗೊಂದು ವೆಬ್‌ಸೈಟ್ ಮಾಡಿಕೊಟ್ಟಳು. ಅದು ಗೂಗಲಿನ ಮೂರನೇ ಪುಟದಲ್ಲಿ ತೂಕಡಿಸುತ್ತಿತ್ತು. ಈ ಸಲದ ಮದುವೆ ಸೀಸನ್ನೂ ಹೀಗೇ ಹೋದರೆ ತನ್ನನ್ನು ಕೇಳುವವರೇ ಇರುವುದಿಲ್ಲ ಎಂಬ ಭಯ ಇಸಿದೋರರಿಗೆ ಹತ್ತಿತು. ಆಗ ಸಿಕ್ಕಿದವನು ಲಿಂಕ್ ಮಾರುವ ಮೆಲ್ವಿನ್. ಬೇರೆ ವೆಬ್‌ಸೈಟುಗಳಲ್ಲಿ ನಿಮ್ಮ ಲಿಂಕ್ ಹಾಕಿಸುತ್ತೇನೆ, ಅಷ್ಟು ಮಂದಿ ನಿಮ್ಮತ್ತ ಕೈ ತೋರಿಸಿದರೆ ಗೂಗಲ್ ನಿಮ್ಮ ಹೆಸರನ್ನು ಮೇಲಕ್ಕೆ ಕೂರಿಸುತ್ತದೆ ಎಂದ. ಮದುವೆಗೆ ಜನ ಸೇರಿದಷ್ಟೂ ಮರ್ಯಾದೆ ಎಂದು ನಂಬಿದವರಿಗೆ ಇದು ಸರಿಯೆಂದೇ ಕಂಡಿತು. ಹೊಸ ಕೋಟು ಹೊಲಿಸಲೆಂದು ಇಟ್ಟಿದ್ದ ದುಡ್ಡನ್ನು, ಮಗಳಿಗೂ ಹೇಳದೆ, ಕೊಟ್ಟೇಬಿಟ್ಟರು.

ಕೆಲವು ವಾರ ಹೆಸರು ಮೊದಲ ಪುಟಕ್ಕೇ ಏರಿತು. ಇಸಿದೋರರು ಬೀಗಿದರು, ಹೆಂಡತಿ ಡಾಲಿಯಿಂದ ನೆರೆಮನೆಗಳಿಗೆ ಸ್ವೀಟ್ ಹಂಚಿಸಿದರು. ಆಮೇಲೊಂದು ಬೆಳಿಗ್ಗೆ ನೋಡಿದರೆ ಮೂರನೇ ಪುಟದಲ್ಲೂ ಇಲ್ಲ, ಎಲ್ಲೂ ಇಲ್ಲ. ಮಗಳ ಮುಂದೆ ಗುಟ್ಟು ಬಿಟ್ಟುಕೊಡಲೇಬೇಕಾಯಿತು. ಏವ್ರಿಲ್ ಹುಡುಕಿದಾಗ ಲಿಂಕುಗಳೆಲ್ಲ ಇಸ್ಪೀಟಾಟದ, ತೂಕ ಇಳಿಸುವ ಗುಳಿಗೆಯ ಸೈಟುಗಳಲ್ಲಿ ಸಿಕ್ಕವು. ದುಡ್ಡು ಕೊಟ್ಟು ಹಾಕಿಸಿದ ಲಿಂಕ್ ನಿಯಮಕ್ಕೆ ವಿರುದ್ಧ, ಗೊತ್ತಾದರೆ ಗೂಗಲ್ ಕೆಳಗೆ ತಳ್ಳುತ್ತದೆ ಎಂದು ವಿವರಿಸಿದಳು. ಬೈಯಲಿಲ್ಲ, ಒಂದೇ ಮಾತು ಕೇಳಿದಳು.

"ಡ್ಯಾಡಿ, ಇವರಲ್ಲಿ ಒಬ್ಬರಾದರೂ ನಿಮ್ಮ ಟೋಸ್ಟ್ ಕೇಳಿದವರು ಉಂಟಾ?"

ಇಸಿದೋರರಿಗೆ ನಾಚಿಕೆಯಾಯಿತು. ಅಪ್ಪ ಮಗಳು ಮೆಲ್ವಿನ್ನನ ಬೆನ್ನು ಹತ್ತಿ ಸಾಧ್ಯವಾದಷ್ಟು ಲಿಂಕ್ ತೆಗೆಸಿದರು. ಉಳಿದವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲಿಗೆ ತಿಳಿಸಿದರು.

ಸೀಸನ್ ಹತ್ತಿರವಾದಾಗ ಶಕ್ತಿನಗರದ ಪ್ರೇಮ್ ಎಂಬವರು ತಂಗಿಯ ಮದುವೆಗೆ ಟೋಸ್ಟ್ ಎತ್ತಲು ಕರೆದರು. ನಂಬರ್ ಎಲ್ಲಿ ಸಿಕ್ಕಿತೆಂದರೆ, ಟಾನ್ಯಾ ಎಂಬ ಹುಡುಗಿ ತನ್ನ ಮದುವೆಯ ಬಗ್ಗೆ ಬ್ಲಾಗಿನಲ್ಲಿ ಬರೆದು ಇಸಿದೋರರ ವೆಬ್‌ಸೈಟಿನ ಲಿಂಕ್ ಕೊಟ್ಟಿದ್ದಳಂತೆ. ಏವ್ರಿಲ್ ಅದನ್ನು ಓದಿ ಹೇಳಿದಳು. ಆ ಮದುವೆಯಲ್ಲಿ, ಟಾನ್ಯಾಳ ಅಜ್ಜಿಗೆ ಕಿವಿ ಮಂದ ಎಂದು ತಿಳಿದ ಇಸಿದೋರರು ವೇದಿಕೆ ಇಳಿದು, ಅಜ್ಜಿಯ ಕುರ್ಚಿಯ ಬಳಿಗೇ ಹೋಗಿ, ಇಡೀ ಟೋಸ್ಟನ್ನು ಅವರ ಕಿವಿಯ ಹತ್ತಿರ ಹೇಳಿದ್ದರು. ಮಾಡಿದವರಿಗೇ ಅದು ಮರೆತುಹೋಗಿತ್ತು.

ಇಸಿದೋರರು ಟಾನ್ಯಾಳಿಗೆ ಫೋನ್ ಮಾಡಿ, ಲಿಂಕಿಗೆ ಎಷ್ಟು ಕೊಡಬೇಕೆಂದು ಕೇಳಿದರು. ಇನ್ನೂ ಬುದ್ಧಿ ಬಂದಿರಲಿಲ್ಲ ಎನ್ನಿ.

"ಅದಕ್ಕೆಲ್ಲ ಎಂತ ದುಡ್ಡು ಅಂಕಲ್? ಅಜ್ಜಿ ಈಗ ಇಲ್ಲ. ಅವತ್ತು ನಿಮ್ಮ ಮಾತಿಗೆ ಅವರು ನಗಾಡಿದ್ದು ಎಲ್ಲಿಯಾದರೂ ಇರಲಿ ಅಂತ ಬರೆದದ್ದು."

ಜೀವಮಾನವಿಡೀ ಮೈಕಿನ ಮುಂದೆ ಮಾತಾಡಿದ ಇಸಿದೋರರು ಫೋನನ್ನು ಡಾಲಿಯ ಕೈಗೆ ಕೊಟ್ಟು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.