ಸಿಪ್ಪೆ ಇದ್ದ ಹಣ್ಣು

ದಾಂಡೇಲಿಯಲ್ಲಿ ನಮ್ಮ ಪಕ್ಕದ ಮನೆಯ ಸಿದ್ದಿ ಹೆಂಗಸು ಪ್ರತಿ ಕ್ರಿಸ್‌ಮಸ್ಸಿಗೆ ಕರ್ಚಿಕಾಯಿ ತರುತ್ತಿದ್ದಳು. ಸೆರಗು ಮುಚ್ಚಿದ ತಟ್ಟೆಯನ್ನು ಹೊಸ್ತಿಲ ಹೊರಗೇ ನಿಂತು ಎರಡೂ ಕೈಯಿಂದ ನನ್ನ ಅತ್ತೆಗೆ ಕೊಡುತ್ತಿದ್ದಳು. “ನಮ್ಮ ಯೇಸುಸ್ವಾಮಿ ಎಲ್ಲಾರ ಕೂಡ ಹಂಚಿಕೊಂಡು ಉಂಡಾನ್ರೀ ಅವ್ವಾರ” ಎನ್ನುವುದು ಪ್ರತಿ ಸಲದ ಮಾತು. ಖಾಲಿ ತಟ್ಟೆ ಮರಳಿಸಬಾರದೆಂದು ಅತ್ತೆ ಅದರಲ್ಲಿ ಸಕ್ಕರೆ ಹಾಕಿ ಕೊಡುತ್ತಿದ್ದರು. ಕರ್ಚಿಕಾಯಿಯೆಲ್ಲ ಹಿತ್ತಲಿಗೆ ಬರುವ ಆಕಳಿಗೆ ಹೋಗುತ್ತಿತ್ತು.

ಒಮ್ಮೆ ನನ್ನ ಮಗಳ ಜ್ವರ ಇಳಿಯದಿದ್ದಾಗ ಆ ಹೆಂಗಸನ್ನೇ ಕರೆದು ಪ್ರಾರ್ಥನೆ ಮಾಡಿಸಿದ್ದೆವು. ಆ ಪ್ರಾರ್ಥನೆಯನ್ನು ಮಾತ್ರ ಆಕಳಿಗೆ ಹಾಕಲಿಲ್ಲ.

ಒಂದು ಕ್ರಿಸ್‌ಮಸ್ಸಿನ ದಿನ, ಗಾಳಿಗೆ ಹಾರಿಬಂದ ತನ್ನ ಸೀರೆ ತೆಗೆದುಕೊಳ್ಳಲು ಅವಳು ನಮ್ಮ ಹಿತ್ತಲಿಗೆ ಬಂದಳು. ಆಕಳು ಅವಳ ಕರ್ಚಿಕಾಯಿ ಮೆಲ್ಲುತ್ತಿತ್ತು. ಅದರ ಬೆನ್ನು ಸವರಿ, ಸೀರೆ ಮಡಚಿಕೊಂಡು ಹೊರಟುಹೋದಳು.

ಮರುವರ್ಷ ತಟ್ಟೆಯಲ್ಲಿ ಬಾಳೆಹಣ್ಣು ತಂದಳು. “ಇದನ್ನ ನಾ ಮಾಡಿಲ್ಲರೀ ಅವ್ವಾರ. ಮ್ಯಾಲ ಸಿಪ್ಪಿ ಐತಿ. ನಡೀತೈತಿ ಅಲ್ರೀ?”

“ಅಯ್ಯ, ಯಾಕ ನಡಿಯಂಗಿಲ್ಲ?” ಎಂದು ಅತ್ತೆ ನಕ್ಕರು. ಅವಳೂ ನಕ್ಕಳು. ಬಾಗಿಲು ಹಾಕಿದ ಮೇಲೆ ಅತ್ತೆ ಹಣ್ಣನ್ನು ಸಿಪ್ಪೆ ಸಮೇತ ತೊಳೆಯಲು ಬಚ್ಚಲಿಗೆ ಒಯ್ದರು.

ನಲ್ಲಿ ತಿರುಗಿಸಿದವಳು ನಾನು.