ಅಪ್ಪ ಬಿಗಿದ ಬಾವುಟ

ಅಪ್ಪನ ದೇಶಾಭಿಮಾನದಿಂದ ನನಗೆ ಸಾಕುಸಾಕಾಗಿ ಹೋಗಿತ್ತು. ಇಷ್ಟು ವಯಸ್ಸಾದ ಮೇಲೆ ಬರೆಯುವಾಗಲೂ ಸಿಟ್ಟು ಬರುತ್ತದೆ, ಏನು ಮಾಡಲಿ. ಹಾಕಿಯಲ್ಲಿ ನಾವು ಗೆದ್ದೆವೆಂದು ಹೋಟೆಲಿನ ರೇಡಿಯೋ ಹೇಳಿದರೆ ಅವನು ಮನೆಗೆ ಎದೆ ಸೆಟೆಸಿಕೊಂಡು ಬರುತ್ತಿದ್ದ. ಹಾಕಿ ಕೋಲನ್ನು ಕಣ್ಣಾರೆ ಕಂಡವನೂ ಅಲ್ಲ. ಹಿಮಾಲಯ ನಮ್ಮದು, ಗಂಗೆ ನಮ್ಮದು, ಸೊನ್ನೆ ಕಂಡುಹಿಡಿದವರು ನಾವು. ನಲ್ಲಿಯಲ್ಲಿ ನೀರು ಬರದಿದ್ದರೆ ಮಾತ್ರ ತಪ್ಪು ಮುನಿಸಿಪಾಲಿಟಿಯದು. ಒಳ್ಳೆಯದೆಲ್ಲ ದೇಶದ್ದು, ಕೆಟ್ಟದ್ದೆಲ್ಲ ಮುನಿಸಿಪಾಲಿಟಿಯದು ಎಂದು ಹಂಚಿಕೊಂಡುಬಿಟ್ಟರೆ ಯಾರಿಗೆ ತಾನೆ ಹೆಮ್ಮೆಯಾಗುವುದಿಲ್ಲ?

ಅಪ್ಪ ದಾವಣಗೆರೆಯ ಒಂದು ಹತ್ತಿ ಪ್ರೆಸ್ಸಿನಲ್ಲಿ ಅಂಡಿಗೆ ಹೊಲಿಯುತ್ತಿದ್ದ. ಆಳೆತ್ತರದ ಗೋಣಿಚೀಲಕ್ಕೆ ಹತ್ತಿಯನ್ನು ತುಳಿದು ತುಂಬಿ, ಬಾಯಿಯನ್ನು ದಬ್ಬಣದಿಂದ ಹೊಲಿದು, ಕೊನೆಗೆ ಹುರಿಯಿಂದ ಗಂಟು ಬಿಗಿಯುವ ಕೆಲಸ. ನಾನು ಟ್ರೈನಿಂಗ್ ಮುಗಿಸಿ ಹರಿಹರದ ಒಂದು ಪ್ರೈಮರಿ ಶಾಲೆಯಲ್ಲಿ ಹಂಗಾಮಿ ಟೀಚರಾಗಿದ್ದೆ. ಬೆಳಗಿನ ರೈಲಿಗೆ ಹೋಗಿ ಸಂಜೆ ಬರುತ್ತಿದ್ದೆ. ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾಗಿ ಐದಾರು ವರ್ಷವಾಗಿತ್ತು. ಖಾಯಂ ಆಗುವವರ ಪಟ್ಟಿ ಆ ವರ್ಷ ತಯಾರಾಗುತ್ತಿತ್ತು. ಅವ್ವ ತೀರಿಹೋಗಿದ್ದಳು, ಇಬ್ಬರು ತಮ್ಮಂದಿರು ಓದುತ್ತಿದ್ದರು, ಹತ್ತಿಯ ಕಾಲ ಮುಗಿದರೆ ಪ್ರೆಸ್ಸಿನಲ್ಲಿ ಅಪ್ಪನಿಗೆ ಕೆಲಸವಿರುತ್ತಿರಲಿಲ್ಲ. ನಾನು ಖಾಯಂ ಆಗಲೇಬೇಕಿತ್ತು.

ಹೆಮ್ಮೆಯ ವಿಷಯಕ್ಕೆ ನಮ್ಮಿಬ್ಬರಿಗೂ ದಿನಾ ಜಟಾಪಟಿ. ಊಟಕ್ಕೆ ಕೂತಾಗ ಒಮ್ಮೆ ಕೇಳಿಯೇಬಿಟ್ಟೆ: "ಹಿಮಾಲಯ ನೀನು ಹೊತ್ಕೊಂಡು ಬಂದು ಇಟ್ಟಿದ್ದೇನಪ್ಪ? ಇಲ್ಲಿ ಹುಟ್ಟಾಕ ನೀನೇನು ಅರ್ಜಿ ಹಾಕಿದ್ಯಾ? ಏನೂ ಮಾಡದೆ ಎಂಥಾ ಹೆಮ್ಮೆ?"

ಅಪ್ಪ ರೊಟ್ಟಿ ಮುರಿಯುತ್ತ, "ನೀ ಓದಿದಾಕಿ, ನಿಂಗ ಗೊತ್ತಾಗಂಗಿಲ್ಲ ಬಿಡು" ಎಂದ. ಓದಿದ್ದರಿಂದಲೇ ಗೊತ್ತಾಗುವುದಿಲ್ಲ ಎನ್ನುವವನ ಹತ್ತಿರ ಏನು ವಾದ ಮಾಡುವುದು? ಎದ್ದು ಕೈತೊಳೆದುಕೊಂಡೆ.

ಆ ಸಲದ ಆಗಸ್ಟ್ ಹದಿನೈದಕ್ಕೆ ನಮ್ಮ ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರೇ ಬಂದು ಬಾವುಟ ಹಾರಿಸುವರೆಂದು ಗೊತ್ತಾಯಿತು. ಪಟ್ಟಿಗೆ ರುಜು ಹಾಕುವವರೂ ಅವರೇ. ಹೆಡ್‌ಮಾಸ್ತರು ಬಾವುಟದ ಜವಾಬ್ದಾರಿಯನ್ನು ನನಗೆ ವಹಿಸಿದರು. ಬಾವುಟವನ್ನು ಮಡಿಸಿ, ಒಳಗೆ ಹೂವಿನ ಎಸಳು ತುಂಬಿ, ಎಳೆದರೆ ತಾನೇ ಬಿಚ್ಚಿಕೊಳ್ಳುವ ಜೀರುಗುಣಿಕೆ ಹಾಕಿ ಕಂಬದ ತುದಿಗೆ ಏರಿಸಿಡಬೇಕು. ಮನೆಯಲ್ಲಿ ಹಗ್ಗ ಹಿಡಿದು ನಾಲ್ಕು ದಿನ ಅಭ್ಯಾಸ ಮಾಡಿದೆ. ಅಪ್ಪ ನೋಡುತ್ತ ಕೂತಿದ್ದ. ಆ ಸಡಿಲ ಗಂಟು ಅವನಿಗೆ ಒಂಚೂರೂ ಹಿಡಿಸಲಿಲ್ಲ.

"ಇದೂ ಒಂದು ಗಂಟೇನವ್ವ? ಗಾಳಿ ಬಂದ್ರೆ ಬಿಚ್ಕೊಂಡು ಬೀಳ್ತೈತೆ. ದೇಶದ ಬಾವುಟ ಅದು, ನಿನ್ ಜಡೆ ರಿಬ್ಬನ್ ಅಲ್ಲ."

"ಬಿಚ್ಕೋಬೇಕಂತನೇ ಹಾಕೋದು ಅಪ್ಪ, ನೀ ಸುಮ್ನಿರು" ಎಂದೆ.

ಸುಮ್ಮನಿರುವ ಜಾಯಮಾನ ಅವನದಲ್ಲ. ಆ ದಿನ ಒಗೆದ ಧೋತರ ಉಟ್ಟು ನನ್ನ ಜೊತೆಯಲ್ಲೇ ರೈಲು ಹತ್ತಿ ಹರಿಹರಕ್ಕೆ ಬಂದ. ಬ್ಯಾಡ ಎಂದರೂ ಕೇಳಲಿಲ್ಲ. ಜಿಟಿಜಿಟಿ ಮಳೆ. ನಾನು ಬಾವುಟವನ್ನು ಕಟ್ಟಿ, ಇನ್ನೂ ಏರಿಸದೆ ಕಂಬದ ಬುಡದಲ್ಲಿ ಮೇಜಿನ ಮೇಲಿಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಹೋದೆ. ತಿರುಗಿ ಬರುವಷ್ಟರಲ್ಲಿ ಬಾವುಟ ಕಂಬದ ತುದಿಯಲ್ಲಿತ್ತು. ಅಪ್ಪ ಕೆಳಗೆ ನಿಂತು ಕೈ ಒರೆಸಿಕೊಳ್ಳುತ್ತಿದ್ದ.

"ಏರಿಸಿದೀನಿ ನೋಡು, ನಿನ್ ಕೆಲ್ಸ ಮಾಡಿಟ್ಟೆ" ಎಂದ. ನನ್ನ ಗಂಟು ಬಿಚ್ಚಿ ಅಂಡಿಗೆಯ ಹುರಿ ಬಿಗಿದಿದ್ದಾನೆಂದು ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಸಾಹೇಬರ ಜೀಪು ಬಂದೇಬಿಟ್ಟಿತು.

ಸಾಹೇಬರು ಹಗ್ಗ ಎಳೆದರು. ಬಾವುಟ ಬಿಚ್ಚಲಿಲ್ಲ. ಹಗ್ಗ ಎಳೆದ ತಕ್ಷಣ ಹಾಡಬೇಕೆಂದು ನಾನೇ ಕಲಿಸಿದ್ದರಿಂದ ಮಕ್ಕಳು ರಾಷ್ಟ್ರಗೀತೆ ಶುರು ಮಾಡಿದರು. ಸಾಹೇಬರು ಒಂದು ಕೈಯಲ್ಲಿ ಸೆಲ್ಯೂಟ್ ಹೊಡೆದು ಇನ್ನೊಂದು ಕೈಯಲ್ಲಿ ಎಳೆಯುತ್ತಲೇ ಇದ್ದರು. ಎಳೆದಷ್ಟೂ ಅದು ಬಿಗಿಯಾಯಿತು, ನೆನೆದ ಹುರಿ ಬೇರೆ. ಹಾಡು ಮುಗಿದರೂ ಮೇಲೆ ಗಂಟು ಗಂಟಾಗಿಯೇ ಇತ್ತು. ಒಂದು ಮಗು ಕಿಸಕ್ಕೆಂದಿತು, ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಕೊನೆಗೆ ಬಾವುಟವನ್ನು ಕೆಳಗಿಳಿಸಿದರು. ಹೆಡ್‌ಮಾಸ್ತರು ಉಗುರು ಹಾಕಿ ನೋಡಿದರು, ಜವಾನ ಹಲ್ಲು ಹಾಕಿ ನೋಡಿದ. ಆಗ ಅಪ್ಪ ಮುಂದೆ ಬಂದು, ಜೇಬಿನಿಂದ ಚಾಕು ತೆಗೆದು, ಯಾರ ಮುಖವನ್ನೂ ನೋಡದೆ ಹುರಿ ಕೊಯ್ದ. ಎಸಳುಗಳೆಲ್ಲ ಸಾಹೇಬರ ಬೂಟಿನ ಮೇಲೆ ಬಿದ್ದವು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ರಾಷ್ಟ್ರಧ್ವಜಕ್ಕೆ ಅವಮಾನ" ಎಂದು ಸಾಹೇಬರು ಹೇಳಿ ಹೋದರು. ಯಾರು ಕಟ್ಟಿದ್ದೆಂದು ಮೂರು ದಿನದೊಳಗೆ ಸಮಜಾಯಿಷಿ ಬರೆದುಕೊಡಬೇಕು, ಬೇಕಾದರೆ ಪೊಲೀಸರಿಗೂ ತಿಳಿಸುತ್ತೇವೆ ಎಂದರು. ಹೆಡ್‌ಮಾಸ್ತರು ಒಳ್ಳೆಯವರು. ಬಾಗಿಲು ಮುಂದೆ ಮಾಡಿ ಹೇಳಿದರು:

"ನೋಡ್ರಿ ಟೀಚರ್, ಕಟ್ಟಿದೋರು ನಮ್ಮ ತಂದೆ ಅಂತ ಇದ್ದದ್ದು ಇದ್ದಂಗ ಬರೀರಿ. ಹೊರಗಿನೋರು, ತಿಳೀದೆ ಮಾಡ್ಯಾರೆ ಅಂತ ಆಗ್ತೈತೆ. ಪಟ್ಟೀಲಿ ನಿಮ್ಮ ಹೆಸ್ರು ಉಳೀತೈತೆ."

ಎರಡು ದಿನ ಕಾಗದ ಮುಂದಿಟ್ಟುಕೊಂಡು ಕೂತೆ. ಆ ಗಂಟನ್ನು ನೆನೆಸಿಕೊಂಡಾಗೆಲ್ಲ ಅಪ್ಪನ ಮೇಲೆ ಉರಿ ಏಳುತ್ತಿತ್ತು. ಹಾಕಿಗೆ ಗಂಗೆಗೆ ಜಂಬಪಡುವವನು ಮನೆಯಲ್ಲಿ ಕೂತು ಪಡಬಾರದೇ? ಆದರೆ ಅವಮಾನ ಎಂಬ ಮಾತಿನ ಪಕ್ಕದಲ್ಲಿ ಅವನ ಹೆಸರು ಬರೆಯಲು ಕೈ ಬರಲಿಲ್ಲ. ಪೊಲೀಸರು ಪ್ರೆಸ್ಸಿನ ಬಾಗಿಲಿಗೆ ಹೋದರೆ ಸಾಹುಕಾರರು ಅವನನ್ನು ಇಟ್ಟುಕೊಳ್ಳುವರೇ? ಮೂರನೆಯ ದಿನ, "ಗಂಟು ಹಾಕಿದವಳು ನಾನೇ, ಅನುಭವ ಸಾಲದೆ ತಪ್ಪಾಗಿದೆ, ಕ್ಷಮಿಸಬೇಕು" ಎಂದು ಬರೆದು ಕೊಟ್ಟೆ.

ಪೊಲೀಸರು ಬರಲಿಲ್ಲ. ಪಟ್ಟಿ ಬಂತು, ಅದರಲ್ಲಿ ನನ್ನ ಹೆಸರಿರಲಿಲ್ಲ. ಹಂಗಾಮಿಯಾಗಿಯೇ ಆನಗೋಡಿನ ಆಚೆ ಒಂದು ಹಳ್ಳಿಗೆ ಹಾಕಿದರು. ಬಸ್ಸಿಳಿದು ಮೂರು ಮೈಲಿ ನಡೆಯಬೇಕು.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಸುಳ್ಳೇಕೆ, ಅವನ ಕಣ್ಣಲ್ಲಿ ನೀರು ಬರಲಿ ಎಂಬ ಆಸೆ ನನಗಿತ್ತು. ಅವನು ಕೂತಲ್ಲಿಂದ ಎದ್ದು ನಿಂತ. ಮುಖ ಕೆಂಪಾಯಿತು.

"ನೀ ಕಟ್ಟಿದ್ದು ಅಂತ ಬರ್ದ್ಯಾ?"

"ಮತ್ತೇನು ಮಾಡ್ಲಪ್ಪ?"

"ಮೂವತ್ತು ವರ್ಷ ಆತು ನಾ ಅಂಡಿಗೆ ಹೊಲಿಯಾಕ ಹತ್ತಿ. ಲಾರೀಲಿ ಹೋಗೈತೆ, ರೈಲಾಗ ಹೋಗೈತೆ, ಒಂದೇ ಒಂದು ಗಂಟು ದಾರೀಲಿ ಬಿಚ್ಚಿಲ್ಲ. ಅಷ್ಟು ದೊಡ್ಡ ಆಫೀಸರ್ ಜೋತುಬಿದ್ದು ಎಳೆದ್ರೂ ಬಿಚ್ಚಲಿಲ್ಲ! ಅದು ನನ್ನ ಗಂಟು. ಯಾರನ್ನ ಕೇಳಿ ನಿಂದು ಅಂತ ಬರ್ದೆ?"

ನಾಳೆಯೇ ಆಫೀಸಿಗೆ ಹೋಗಿ ತಿದ್ದಿ ಬರೆದುಕೊಟ್ಟು ಬಾ, ಜೈಲಿಗೆ ಹಾಕಿದರೆ ಹಾಕಲಿ ಎಂದ. ನಾನು ಹೋಗಲಿಲ್ಲ. ಎಂಟು ದಿನ ನನ್ನೊಂದಿಗೆ ಮಾತು ಬಿಟ್ಟ.

ಖಾಯಂ ಕೆಲಸ ಕಳೆದುಕೊಂಡವಳು ನಾನು, ಮುನಿಸಿಕೊಂಡವನು ಅವನು! ಆ ಹಳ್ಳಿಯ ಮೂರು ಮೈಲಿ ನಡೆಯುತ್ತ ಅವನನ್ನು ಬಾಯಿಗೆ ಬಂದಂತೆ ಬೈದುಕೊಂಡೆ. ಅಲ್ಲಿಯ ಶಾಲೆಯ ಹೆಡ್‌ಮಾಸ್ತರು, "ನಿಮ್ಮ ತಂದೆ ಏನು ಮಾಡ್ತಾರ್ರಿ?" ಎಂದು ಕೇಳಿದರು. ಅಂಡಿಗೆ ಹೊಲಿಯುತ್ತಾರೆ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವರ ಗಂಟು ದಾವಣಗೆರೆಯಲ್ಲಿ ಯಾರಿಗೂ ಬಿಚ್ಚಲು ಬರುವುದಿಲ್ಲ ಎಂದೂ ಸೇರಿಸಿದೆ. ಹೇಳುವಾಗ ನನ್ನ ಎದೆ ಸೆಟೆದುಕೊಂಡಿತ್ತು. ಅವನ ಮಗಳಾಗಿ ಹುಟ್ಟಲು ನಾನೂ ಯಾವ ಅರ್ಜಿಯನ್ನೂ ಹಾಕಿರಲಿಲ್ಲ.